ಯೋಗಕ್ಷೇಮದ ಭಾರ

ಭಾರತೀಯ ಜೀವವಿಮಾ ನಿಗಮದ ಲಾಂಛನವನ್ನು ಕಾಣದ ಮನೆ ನಮ್ಮ ನಾಡಿನಲ್ಲಿ ವಿರಳ. ಗಾಳಿಗೆ ಮರೆಯಾಗಿ ಹಿಡಿದ ಎರಡು ಅಂಗೈಗಳ ನಡುವೆ ದೀಪದ ಕುಡಿಯೊಂದು ಉರಿಯುತ್ತಿರುವ ಆ ಚಿತ್ರದ ಅಡಿಯಲ್ಲಿ ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯದ ಶ್ಲೋಕವೊಂದರ ಕೊನೆಯ ಪಾದವನ್ನು ಬರೆದಿರುತ್ತಾರೆ. ಅನ್ಯಚಿಂತೆಯಿಲ್ಲದೆ ತನ್ನನ್ನೇ ಉಪಾಸಿಸುವವರ ಯೋಗಕ್ಷೇಮವನ್ನು ತಾನೇ ಹೊರುವೆನೆಂದು ಭಗವಂತನು ಅರ್ಜುನನಿಗಿತ್ತ ಅಭಯವಾಕ್ಯ ಅದು. 245 ಸಂಸ್ಥೆಗಳನ್ನು ಒಂದುಗೂಡಿಸಿ 1956ರ ಸೆಪ್ಟೆಂಬರ್ 1ರಂದು ನಿಗಮವು ಸ್ಥಾಪಿತವಾಯಿತು. ಆ ವಾಕ್ಯವು ಅದರ ಪತ್ರಗಳೊಡನೆ ಮನೆಮನೆಯ ಟ್ರಂಕು ಕಪಾಟುಗಳನ್ನು ಸೇರಿತು. ಆದರೆ ದೇವರು ತನ್ನ ಬಾಯಿಂದ ಆಡಿದ ಮಾತನ್ನು ಮನುಷ್ಯರು ಕಟ್ಟಿದ ಸಂಸ್ಥೆಯೊಂದು, ಅದೂ ಕಂತಿನ ಹಣವನ್ನು ಮುಂಗಡವಾಗಿ ಪಡೆದು, ತನ್ನ ಮಾತೆಂಬಂತೆ ಆಡಬಹುದೇ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಸಾವಿನ ಮೇಲಣ ವಿಮೆಯಲ್ಲಿ ಅದು ಅಷ್ಟು ತೀಕ್ಷ್ಣವಾಗಿ ಎದುರಾಗುವುದೂ ಇಲ್ಲ. ಹುಟ್ಟಿದವನು ಸಾಯುವುದು ನಿಶ್ಚಿತವಾದುದರಿಂದ, ಅದಕ್ಕಾಗಿ ಹಣ ಕೂಡಿಸುವುದು ಬರಲಿರುವ ಮಳೆಗಾಲಕ್ಕೆ ಮನೆ ಹೊದಿಸುವಷ್ಟೇ ಸಹಜವೆನಿಸುತ್ತದೆ. ಆದರೆ ಕ್ಯಾನ್ಸರು, ಹೃದಯಾಘಾತ, ಪಾರ್ಶ್ವವಾಯು, ಮೂತ್ರಪಿಂಡಗಳ ವೈಫಲ್ಯ ಮೊದಲಾದ ಮಹಾರೋಗಗಳಲ್ಲಿ ಯಾವುದಾದರೊಂದು ಬಂದಲ್ಲಿ ಇಷ್ಟು ಹಣವನ್ನು ಒಮ್ಮೆಗೇ ಕೊಡತಕ್ಕದ್ದೆಂದು ಮುಂಚಿತವಾಗಿ ಕರಾರು ಮಾಡಿಕೊಳ್ಳುವ ಗಂಭೀರ ಕಾಯಿಲೆಯ ವಿಮೆಯ ಮುಂದೆ, ಕರ್ಮವನ್ನೂ ಪ್ರಾರಬ್ಧವನ್ನೂ ದೈವಕೃಪೆಯನ್ನೂ ನಂಬಿ ಬೆಳೆದ ಮನಸ್ಸು ಒಂದು ಕ್ಷಣ ನಿಂತು ಹಿಂಜರಿಯುತ್ತದೆ. ಆ ಹಿಂಜರಿಕೆಯನ್ನು ಅಜ್ಞಾನವೆಂದು ತಳ್ಳಿಬಿಡುವುದು ಸುಲಭ, ಅದು ನ್ಯಾಯವಲ್ಲ.

ಈ ವಿಷಯವನ್ನು ಚಿಂತಿಸುವುದಕ್ಕೆ ಮಿರಜಿಗಿಂತ ತಕ್ಕ ಊರನ್ನು ನಾನು ಕಾಣೆ. ಇಲ್ಲಿ ರೋಗವೂ ಶ್ರದ್ಧೆಯೂ ಒಂದೇ ಬೀದಿಯಲ್ಲಿ ನಡೆದಾಡುತ್ತವೆ. ಖ್ವಾಜಾ ಶಂಸುದ್ದೀನ್ ಮೀರಾಸಾಹೇಬರ ದರ್ಗಾದಲ್ಲಿ ಹಿಂದೂಗಳೂ ಮುಸಲ್ಮಾನರೂ ಹರಕೆ ಹೊರುತ್ತಾರೆ. ಪ್ಲೇಗಿನ ಕಾಲದಲ್ಲಿ ಇಲ್ಲಿ ಜಡ್ಡಾಗಿ ಬಿದ್ದಿದ್ದ ಉಸ್ತಾದ್ ಅಬ್ದುಲ್ ಕರೀಮ್ ಖಾನರು ಆ ಸನ್ನಿಧಿಯಲ್ಲಿ ಹಾಡಿ ಗುಣಹೊಂದಿದರೆಂದು ಊರಿನ ಜನ ನಂಬುತ್ತಾರೆ, ಅವರ ಸ್ಮರಣೆಯಲ್ಲಿ ಉರುಸಿನ ದಿನಗಳಂದು ಇಂದಿಗೂ ಸಂಗೀತ ಸೇವೆ ನಡೆಯುತ್ತದೆ. ಅದೇ ಊರಿನಲ್ಲಿ ಕೆನಡಾದಿಂದ ಬಂದ ಪ್ರೆಸ್ಬಿಟೇರಿಯನ್ ಮಿಶನರಿ ವೈದ್ಯ ವಿಲಿಯಂ ಜೇಮ್ಸ್ ವಾನ್ಲೆಸ್ಸರು 1894ರಲ್ಲಿ ಆಸ್ಪತ್ರೆಯನ್ನು ತೆರೆದು, 1897ರಲ್ಲಿ ವೈದ್ಯಕೀಯ ಶಾಲೆಯನ್ನೂ ಕಟ್ಟಿ, ನಾಲ್ಕು ದಶಕಗಳ ಸಮೀಪ ಶಸ್ತ್ರಚಿಕಿತ್ಸೆ ಮಾಡಿದರು. ಆ ಮೇಲೆ ಕ್ಷಯರೋಗದವರ ಆರೋಗ್ಯಧಾಮ, ಕುಷ್ಠರೋಗದವರ ಆಸ್ಪತ್ರೆ, ಸರಕಾರದ ವೈದ್ಯಕೀಯ ಕಾಲೇಜು, ಸಿದ್ಧಿವಿನಾಯಕನ ಹೆಸರಿನ ಕ್ಯಾನ್ಸರ್ ಆಸ್ಪತ್ರೆ, ಇವುಗಳ ಸುತ್ತ ಔಷಧದಂಗಡಿಗಳು, ಖಾನಾವಳಿಗಳು, ರೋಗಿಯ ಕಡೆಯವರು ತಂಗುವ ಕೋಣೆಗಳು ಬೆಳೆದು, ದವಾಖಾನೆಗೇ ಒಂದು ಊರು ಬಂದು ಸೇರಿಕೊಂಡಂತಾಯಿತು. ಶೇಡಬಾಳ, ಉಗಾರ, ಕುಡಚಿ, ರಾಯಬಾಗಗಳ ಕಡೆಯಿಂದ ರೈಲಿನಲ್ಲಿಯೂ, ಕಾಗವಾಡ, ಅಥಣಿ, ಜಮಖಂಡಿಗಳಿಂದ ಮೋಟಾರಿನಲ್ಲಿಯೂ, ಜತ್ತ ತಾಲೂಕಿನ ಕನ್ನಡ ಹಳ್ಳಿಗಳಿಂದಲೂ ಬಂದವರ ಮಾತು ಆಸ್ಪತ್ರೆಯ ಪಡಸಾಲೆಗಳಲ್ಲಿ ಮರಾಠಿಯೊಡನೆ ಬೆರೆತು ಕೇಳುತ್ತದೆ. “ಎಲ್ಲಿ ಹೋಗೂದೈತಿ?” ಎಂದರೆ “ಮಿರಜಿಗೆ” ಎಂಬ ಒಂದೇ ಉತ್ತರದಿಂದ ಮನೆಯಲ್ಲಿ ಯಾರಿಗೋ ದೊಡ್ಡ ಬ್ಯಾನಿಯಾಗಿದೆಯೆಂದು ಆ ಸೀಮೆಯವರು ತಿಳಿದುಕೊಳ್ಳುತ್ತಾರೆ.

ಜತ್ತ ತಾಲೂಕಿನ ಕನ್ನಡ ಶಾಲೆಯೊಂದರಲ್ಲಿ ಮಾಸ್ತರಿಕೆ ಮಾಡುತ್ತಿರುವ ನನ್ನ ಬಂಧುವೊಬ್ಬರು, ಐವತ್ತು ದಾಟಿದವರು, ಪುಣೆಯಲ್ಲಿ ನೌಕರಿಯಲ್ಲಿರುವ ಮಗನ ಒತ್ತಾಯಕ್ಕೆ ಇಂಥದೊಂದು ಪಾಲಿಸಿಯ ಫಾರ್ಮನ್ನು ತುಂಬಬೇಕಾಗಿ ಬಂದಾಗ ನನ್ನನ್ನು ಕೇಳಿದ ಮಾತು ಇದು: “ಇಷ್ಟು ವರ್ಷ ವಾಡಿಯ ದತ್ತನ ಮ್ಯಾಲ ಭಾರ ಹಾಕಿ ನಡದೇನಿ. ಈಗ ಈ ಕಾಗದಕ್ಕ ಸಹಿ ಮಾಡಿದರ, ಅವನ ಮ್ಯಾಲಿನ ನಂಬಿಗಿ ಸಾಲಲಿಲ್ಲಂತ ನಾನಽ ಬರದ ಕೊಟ್ಟಂಗ ಆಗೂದಿಲ್ಲೇನು?” ಕೃಷ್ಣೆಯೂ ಪಂಚಗಂಗೆಯೂ ಕೂಡುವ ನರಸೋಬವಾಡಿ ಅವರ ಮನೆತನದ ಕ್ಷೇತ್ರ, ಶ್ರೀ ನೃಸಿಂಹ ಸರಸ್ವತಿಗಳು ಅಲ್ಲಿ ತಪಸ್ಸು ಮಾಡಿ ಆಮೇಲೆ ನಮ್ಮ ಗಾಣಗಾಪುರಕ್ಕೆ ಬಂದರೆಂಬ ಪರಂಪರೆಯಿರುವುದರಿಂದ, ಎರಡು ಭಾಷೆಗಳ ಜನಕ್ಕೂ ಆ ದತ್ತನೇ ರೋಗಹರನಾದ ಗುರು. ಮಾಸ್ತರರ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ನನ್ನ ಕರ್ತವ್ಯವೆಂದು ಭಾವಿಸಿ ನಾನು ಕೆಲವು ಗ್ರಂಥಗಳನ್ನು ತೆರೆದು ನೋಡಿದೆನು.

ಆಚಾರ್ಯ ಶಂಕರರು ಗೀತೆಯ ಆ ಶ್ಲೋಕಕ್ಕೆ ಭಾಷ್ಯ ಬರೆಯುತ್ತ, ನಮ್ಮ ಮಾಸ್ತರರ ಶಂಕೆಗೆ ಅತಿ ಸಮೀಪವಾದ ಒಂದು ಆಕ್ಷೇಪವನ್ನು ತಾವೇ ಎತ್ತಿಕೊಳ್ಳುತ್ತಾರೆ. ಭಗವಂತನು ಉಳಿದ ಭಕ್ತರ ಯೋಗಕ್ಷೇಮವನ್ನೂ ಹೊರುವವನೇ ಆಗಿರುವಾಗ ಅನನ್ಯರಿಗೆ ಮಾತ್ರ ಹೊರುವೆನೆಂದು ಹೇಳಿದುದೇಕೆ ಎಂಬುದು ಆ ಆಕ್ಷೇಪ. ಹೊರುವುದು ನಿಜವೇ, ಆದರೆ ಇಷ್ಟು ವಿಶೇಷವುಂಟು, ಎಂದು ಆಚಾರ್ಯರು ಸಮಾಧಾನ ಹೇಳುತ್ತಾರೆ: ಉಳಿದ ಭಕ್ತರು ತಮ್ಮ ಸಲುವಾಗಿ ತಾವೂ ಯತ್ನಿಸುತ್ತಾರೆ, ಅನನ್ಯದರ್ಶಿಗಳಾದರೋ ತಮಗಾಗಿ ಏನನ್ನೂ ಬಯಸುವುದಿಲ್ಲ, ಬದುಕಿನಲ್ಲಾಗಲಿ ಮರಣದಲ್ಲಾಗಲಿ ಅವರಿಗೆ ಆಸೆಯೇ ಇಲ್ಲ, ಆದಕಾರಣ ಅವರ ಪಾಲಿಗೆ ಭಗವಂತನೊಬ್ಬನೇ ಉಳಿಯುತ್ತಾನೆ. ಈ ಸಮಾಧಾನದಲ್ಲಿ ಅಡಗಿರುವ ಔದಾರ್ಯವನ್ನು ನಾವು ಗಮನಿಸಬೇಕು. ತಾನೂ ಯತ್ನಿಸುವ ಭಕ್ತನು ಭಕ್ತನಲ್ಲವೆಂದು ಆಚಾರ್ಯರು ಹೇಳಲಿಲ್ಲ. ಅವನ ಭಾರವನ್ನು ದೇವರು ಇಳಿಸಿಬಿಟ್ಟನೆಂದೂ ಹೇಳಲಿಲ್ಲ. ಯತ್ನಿಸುವವನ ಹೊರೆಗೂ ದೇವರ ಹೆಗಲುಂಟು. ಅಲ್ಲದೆ, ಆಚಾರ್ಯರು ಗೆರೆಯೆಳೆದದ್ದು ಯತ್ನಕ್ಕೂ ನಂಬಿಕೆಗೂ ನಡುವೆಯಲ್ಲ. ತನಗಾಗಿ ಬಯಸುವುದಕ್ಕೂ ಬಯಸದಿರುವುದಕ್ಕೂ ನಡುವೆ. ಹಾಗಾದರೆ ನಾವು ಪರೀಕ್ಷಿಸಬೇಕಾದದ್ದು ಸಹಿ ಮಾಡಬೇಕೋ ಬೇಡವೋ ಎಂಬುದನ್ನಲ್ಲ, ಯಾರಿಗಾಗಿ ಮಾಡುತ್ತೇವೆ ಎಂಬುದನ್ನು.

ಅನನ್ಯತೆಯ ಕೊನೆಯ ಎಲ್ಲೆಯನ್ನು ಮುಟ್ಟಿದವರೊಬ್ಬರನ್ನು ಈ ಸೀಮೆ ಕಂಡಿದೆ. ಬೆಳಗಾವಿ ಜಿಲ್ಲೆಯ ಭೋಜದ ಕನ್ನಡ ಜೈನ ಮನೆತನದಲ್ಲಿ ಬೆಳೆದು ದಿಗಂಬರ ದೀಕ್ಷೆಯನ್ನು ಪಡೆದ ಆಚಾರ್ಯ ಶಾಂತಿಸಾಗರರು, ಕಣ್ಣಿನ ದೃಷ್ಟಿ ಕುಂದಿ ಜೀವಹಿಂಸೆಯಿಲ್ಲದೆ ಹೆಜ್ಜೆಯಿಡುವುದು ಅಶಕ್ಯವಾದಾಗ, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ವ್ರತವನ್ನು ಕೈಗೊಂಡು ದೇಹವನ್ನು ಬಿಟ್ಟರು. ಸಾಂಗಲಿ, ಕೊಲ್ಲಾಪುರ, ಬೆಳಗಾವಿಗಳ ಜೈನ ಮನೆಗಳಲ್ಲಿ ಅವರ ಚಿತ್ರವು ಇಂದಿಗೂ ಪೂಜೆಗೊಳ್ಳುತ್ತದೆ. ಅವರ ಮುಂದೆ ವಿಮೆಯ ಮಾತನ್ನೆತ್ತುವುದು ಅವಿವೇಕವಾದೀತು. ಏಕೆಂದರೆ ಅವರು ಬಿದ್ದರೆ ಒಲೆ ಆರುವ ಮನೆಯೊಂದು ಅವರ ಹಿಂದೆ ಇರಲಿಲ್ಲ. ಆದರೆ ಅದೇ ಜೈನಧರ್ಮವು ಮುನಿಗೆ ಹೇಳಿದುದನ್ನು ಶ್ರಾವಕನಿಗೆ ಹೇಳಲಿಲ್ಲವೆಂಬುದು ಅದರ ವಿವೇಕ. ಮುನಿಗೆ ಸರ್ವಪರಿಗ್ರಹತ್ಯಾಗವನ್ನು ವಿಧಿಸಿದ ಶಾಸ್ತ್ರ ಗೃಹಸ್ಥನಿಗೆ ಪರಿಗ್ರಹದ ಪರಿಮಾಣವನ್ನು, ಎಂದರೆ ಇಷ್ಟಕ್ಕಿಂತ ಹೆಚ್ಚು ಇಟ್ಟುಕೊಳ್ಳೆನೆಂಬ ಮಿತಿಯನ್ನು, ವಿಧಿಸಿತು. ಅದರೊಡನೆ ಆಹಾರ, ಅಭಯ, ಶಾಸ್ತ್ರಗಳ ಸಾಲಿನಲ್ಲಿ ಔಷಧವನ್ನೂ ಇರಿಸಿ ನಾಲ್ಕು ದಾನಗಳ ಕರ್ತವ್ಯವನ್ನು ಅವನ ಮೇಲೆ ಹೊರಿಸಿತು. ಮಿತಿಯೂ ದಾನವೂ ಸೇರಿದ ಈ ಗೃಹಸ್ಥಧರ್ಮವು ವಿಮೆಯ ವಿಚಾರದಲ್ಲಿ ನನಗೆ ಬಹಳ ದೂರದವರೆಗೆ ದಾರಿ ತೋರಿಸಿದೆ.

ಬರುವುದೆಲ್ಲವೂ ಮೊದಲೇ ಬರೆದಿಟ್ಟದ್ದಾದರೆ ಕಂತು ಕಟ್ಟಿ ಏನಾದೀತು ಎನ್ನುವವರಿಗೆ ಚರಕ ಸಂಹಿತೆಯೇ ಉತ್ತರ ಕೊಟ್ಟಿದೆ. ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ, ಎಲ್ಲರ ಆಯುಸ್ಸೂ ನಿಯತಕಾಲದ್ದೇ ಅಲ್ಲವೇ ಎಂದು ಅಗ್ನಿವೇಶನು ಕೇಳಲು, ಆಯುಸ್ಸು ದೈವ ಪುರುಷಕಾರಗಳೆರಡರ ಕೂಟವನ್ನು ಅವಲಂಬಿಸಿದೆಯೆಂದು ಆತ್ರೇಯನು ಹೇಳುತ್ತಾನೆ. ಪೂರ್ವಜನ್ಮದಲ್ಲಿ ಮಾಡಿದ್ದು ದೈವ, ಈ ಜನ್ಮದಲ್ಲಿ ಮಾಡುತ್ತಿರುವುದು ಪುರುಷಕಾರ. ಒಳ್ಳೆಯ ಮರದ ಅಚ್ಚು ಹದವಾಗಿ ನಡೆದ ಬಂಡಿಯಲ್ಲಿ ತನ್ನ ಕಾಲ ಮುಗಿಯುವವರೆಗೆ ಸವೆದು ಸಾಗುತ್ತದೆ, ಅತಿಭಾರ ಹೇರಿದಾಗಲೋ ಹಳ್ಳ ದಿಣ್ಣೆಗಳಲ್ಲಿ ಓಡಿಸಿದಾಗಲೋ ನಡುದಾರಿಯಲ್ಲೇ ಮುರಿಯುತ್ತದೆ, ಎಂಬ ಅವನ ದೃಷ್ಟಾಂತವನ್ನು ಬಂಡಿ ಹೂಡಿ ಬಾಳಿದ ನಮ್ಮ ಒಕ್ಕಲಿಗನಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೈವವನ್ನು ಒಪ್ಪಿಯೂ ಕೈಕಟ್ಟಿ ಕೂಡದಿರುವುದು ಆಯುರ್ವೇದದ ನಿಲುವು. ದರ್ಗಾದ ನೆರಳಿನಲ್ಲಿ ಬಾಳುವ ಮುಸಲ್ಮಾನರ ಪರಂಪರೆಯಲ್ಲಿಯೂ, ಒಂಟೆಯನ್ನು ಕಟ್ಟಿ ಆಮೇಲೆ ದೇವರನ್ನು ನಂಬೆಂದು ಪೈಗಂಬರರು ಹೇಳಿದರೆಂಬ ವೃತ್ತಾಂತವುಂಟು. ಬಡ್ಡಿ ಮತ್ತು ಅನಿಶ್ಚಯದ ವ್ಯಾಪಾರಗಳ ಕಾರಣ ಸಾಮಾನ್ಯ ವಿಮೆಯನ್ನು ಒಪ್ಪದ ಆ ಧರ್ಮದ ಅನೇಕ ವಿದ್ವಾಂಸರು, ಎಲ್ಲರೂ ಸೇರಿ ಇಡುಗಂಟು ಮಾಡಿ ಆಪತ್ತಿಗೊಳಗಾದವನಿಗೆ ಕೊಡುವ ತಕಾಫುಲ್ ಪದ್ಧತಿಯನ್ನು ಒಪ್ಪುತ್ತಾರೆ.

ನಮ್ಮ ಹಿರಿಯರು ನಿತ್ಯದ ಪ್ರಾರ್ಥನೆಯಲ್ಲಿ ದೇವರಲ್ಲಿ ಬೇಡುತ್ತಿದ್ದವುಗಳಲ್ಲಿ ಎರಡು: ಆಯಾಸವಿಲ್ಲದ ಮರಣ, ದೈನ್ಯವಿಲ್ಲದ ಜೀವನ. ಪೂರ್ವದ ಧರ್ಮಚಿಂತನೆಯೆಲ್ಲವೂ ಬಹುಮಟ್ಟಿಗೆ ಮೊದಲನೆಯದನ್ನು ಕುರಿತದ್ದು. ಮಹಾರೋಗಕ್ಕೆ ಸಿಕ್ಕಿದವನು ಬಹುಕಾಲ ಬದುಕಿರುವ ಸಂಭವವೇ ಕಡಿಮೆಯಾಗಿದ್ದ ಕಾಲದಲ್ಲಿ ಅದು ಸಹಜ. ಈಗ ರೋಗಿ ಉಳಿಯುತ್ತಾನೆ; ಉಳಿದು, ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್ಸಿಗೆ ಹೋಗುತ್ತಾನೆ, ಆರು ತಿಂಗಳು ಕೀಮೋ ಪಡೆಯುತ್ತಾನೆ, ಒಂದು ಕೈ ಒಂದು ಕಾಲು ಎಳೆದುಕೊಂಡು ಇಪ್ಪತ್ತು ವರ್ಷ ಬಾಳುತ್ತಾನೆ. ಗಂಭೀರ ಕಾಯಿಲೆಯ ವಿಮೆಯು ಹುಟ್ಟಿದ್ದು ಈ ಹೊಸ ಸ್ಥಿತಿಯಿಂದಲೇ. 1967ರಲ್ಲಿ ಜಗತ್ತಿನ ಮೊದಲ ಮಾನವ ಹೃದಯದ ಕಸಿ ಮಾಡಿದ ಕ್ರಿಶ್ಚಿಯನ್ ಬರ್ನಾರ್ಡರ ತಮ್ಮನೂ, ಆ ತಂಡದಲ್ಲಿದ್ದ ಶಸ್ತ್ರವೈದ್ಯನೂ ಆದ ಮೇರಿಯಸ್ ಬರ್ನಾರ್ಡರು, ತಾವು ಬದುಕಿಸಿ ಕಳುಹಿಸಿದ ರೋಗಿಗಳು ಹಣದ ಕಷ್ಟದಿಂದ ಕುಗ್ಗಿ, ವಿಶ್ರಾಂತಿ ಪಡೆಯಬೇಕಾದ ದೇಹವನ್ನೇ ದುಡಿಮೆಗೆ ಹಚ್ಚುತ್ತಿದ್ದುದನ್ನು ಕಂಡು ನೊಂದರು. ಶರೀರವನ್ನು ವೈದ್ಯನು ಸರಿಪಡಿಸಿದರೂ ಸಂಸಾರವನ್ನು ಸರಿಪಡಿಸಲಾರನೆಂದು ಮನಗಂಡ ಅವರ ಪ್ರೇರಣೆಯಿಂದ 1983ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಇಂಥ ಮೊದಲ ವಿಮೆಯು ಆರಂಭವಾಯಿತು. ಹೃದಯಾಘಾತ, ಪಾರ್ಶ್ವವಾಯು, ಕ್ಯಾನ್ಸರು, ಹೃದಯದ ಬೈಪಾಸ್ ಶಸ್ತ್ರಕ್ರಿಯೆ, ಈ ನಾಲ್ಕೇ ಅದರೊಳಗಿದ್ದವು. ಆದಕಾರಣ ಇದು ಸತ್ತವನ ಮಕ್ಕಳಿಗೆ ಕೊಡುವ ಹಣವಲ್ಲ, ಬದುಕಿ ಉಳಿದವನಿಗೆ ಕೊಡುವ ಹಣ. ಹಿರಿಯರ ಪ್ರಾರ್ಥನೆಯ ಎರಡನೆಯ ಬೇಡಿಕೆಯ ಕಡೆಗೆ ಮನುಷ್ಯಪ್ರಯತ್ನವು ಮಾಡಿದ ಒಂದು ಸಣ್ಣ ಚಾಚು. ದೈನ್ಯವೆಂಬುದು ರೋಗಿಯೊಬ್ಬನದೇ ಅಲ್ಲವೆಂಬುದನ್ನು ಮಿರಜಿನ ಪಡಸಾಲೆಯಲ್ಲಿ ಒಂದು ಹಗಲು ಕುಳಿತವರೆಲ್ಲರೂ ಬಲ್ಲರು. ಕಬ್ಬಿನ ಬಿಲ್ಲು ಬರುವ ಮೊದಲೇ ಸಾವಕಾರನಲ್ಲಿಗೆ ನಡೆಯುವ ಮಗ, ತಾಳಿಯ ಸರವನ್ನು ಒತ್ತೆಯಿಡುವ ಹೆಂಡತಿ, ಕಾಲೇಜು ಬಿಟ್ಟು ತಂದೆಯ ಹಾಸಿಗೆಯ ಬಳಿ ಕೂಡುವ ಮಗಳು, ಇವರ ದೈನ್ಯವು ರೋಗಿಯ ದೈನ್ಯಕ್ಕಿಂತ ಹೆಚ್ಚು ದೀರ್ಘವಾದದ್ದು. ಅವನು ಗುಣವಾದ ಮೇಲೂ ಅದು ಉಳಿಯುತ್ತದೆ.

ಇಲ್ಲಿಗೆ, ಎಷ್ಟು ಮೊತ್ತದ ವಿಮೆಯನ್ನು, ಯಾವ ರೋಗಗಳಿಗೆ, ಹೇಗೆ ಆರಿಸಿಕೊಳ್ಳಬೇಕೆಂಬ ವ್ಯಾವಹಾರಿಕ ಪ್ರಶ್ನೆಯೂ ಧರ್ಮಪ್ರಶ್ನೆಯ ಒಂದು ಭಾಗವಾಗಿಬಿಡುತ್ತದೆ. ಭಯವನ್ನು ಅಳತೆಯಾಗಿ ಇಟ್ಟುಕೊಂಡವನಿಗೆ ಯಾವ ಮೊತ್ತವೂ ಸಾಲದು. ಭಯಕ್ಕೆ ತಳವಿಲ್ಲ, ಏಜಂಟನು ತೋರಿಸುವ ಪಟ್ಟಿಯಲ್ಲಿ ರೋಗಗಳ ಸಂಖ್ಯೆ ಬೆಳೆದಷ್ಟೂ ಅದು ಬೆಳೆಯುತ್ತದೆ. ಅವಲಂಬಿಸಿದವರನ್ನು ಅಳತೆಯಾಗಿ ಇಟ್ಟುಕೊಂಡವನಿಗೆ ಲೆಕ್ಕವು ಒಂದೆಡೆ ಬಂದು ನಿಲ್ಲುತ್ತದೆ. ನಾನು ಎರಡು ಮೂರು ವರ್ಷ ದುಡಿಯಲಾಗದೆ ಮಲಗಿದರೆ ಈ ಮನೆಯ ಊಟ, ಬಾಡಿಗೆ, ಮಕ್ಕಳ ಶಾಲೆ, ಸೊಸಾಯಿಟಿಯ ಸಾಲದ ಕಂತು, ನನ್ನನ್ನು ನೋಡಿಕೊಳ್ಳಲು ಕೆಲಸ ಬಿಡುವವರ ಸಂಬಳ ಇವೆಲ್ಲ ಸೇರಿ ಎಷ್ಟಾದೀತು? ಅಷ್ಟು. ಅದಕ್ಕಿಂತ ಹೆಚ್ಚಿನದು ಪರಿಗ್ರಹ. ಅದಕ್ಕಿಂತ ಬಹಳ ಕಡಿಮೆಯಾದದ್ದು ಮನಸ್ಸಿನ ಸಮಾಧಾನಕ್ಕೆ ಮಾತ್ರ. ಆಸ್ಪತ್ರೆಯ ಬಿಲ್ಲನ್ನು ತುಂಬಿಕೊಡುವ ಸಾಮಾನ್ಯ ಆರೋಗ್ಯವಿಮೆ, 1986ರಿಂದ ನಮ್ಮಲ್ಲಿ ಮೆಡಿಕ್ಲೇಮೆಂದು ರೂಢಿಗೆ ಬಂದದ್ದು, ಬೇರೆಯದು. ಮೊದಲು ಅದಿರಬೇಕು, ಆ ಮೇಲೆ ಇದು. ಅದು ಖರ್ಚಾದುದನ್ನು ಕೊಡುತ್ತದೆ, ಇದು ರೋಗನಿರ್ಣಯವಾದೊಡನೆ ಗೊತ್ತುಮಾಡಿದ ಮೊತ್ತವನ್ನು ಕೊಟ್ಟು, ಅದನ್ನು ಔಷಧಕ್ಕೆ ಬಳಸುವೆಯೋ ಅಕ್ಕಿಗೆ ಬಳಸುವೆಯೋ ಎಂದು ಕೇಳುವುದಿಲ್ಲ. ಈ ಎರಡನ್ನೂ ಒಂದೇ ಎಂದು ಭಾವಿಸಿ ಇದನ್ನು ಮಾತ್ರ ಕೊಂಡು ಅದನ್ನು ಬಿಟ್ಟವರು, ಪಟ್ಟಿಯಲ್ಲಿಲ್ಲದ ಸಾಧಾರಣ ಜಡ್ಡಿಗೆ ಮನೆಯ ಎತ್ತು ಮಾರಬೇಕಾದೀತು. ಇನ್ನೊಂದು ಮಾತು ನನ್ನ ಅನುಭವದ್ದು: ದೊಡ್ಡ ಮೊತ್ತಕ್ಕೆ ಒಪ್ಪಿ, ಬೆಳೆ ಕೆಟ್ಟ ವರ್ಷ ಕಂತು ತಪ್ಪಿಸಿ ಪಾಲಿಸಿಯನ್ನು ಕಳೆದುಕೊಳ್ಳುವುದಕ್ಕಿಂತ, ಕೆಟ್ಟ ವರ್ಷದಲ್ಲಿಯೂ ಕಟ್ಟಬಲ್ಲಷ್ಟು ಮಿತವಾದುದನ್ನು ಹಿಡಿದುಕೊಂಡು ನಡೆಯುವುದು ಲೇಸು.

ಕರಾರಿನ ಮಾತುಗಳನ್ನು ಶಾಸ್ತ್ರವಾಕ್ಯದಂತೆ ನಿಧಾನವಾಗಿ ಓದಬೇಕು. ವಿಮಾ ನಿಯಂತ್ರಣ ಪ್ರಾಧಿಕಾರವು 2016ರ ಮಾರ್ಗಸೂಚಿಯಲ್ಲಿ 22 ಗಂಭೀರ ಕಾಯಿಲೆಗಳಿಗೆ ಎಲ್ಲ ಕಂಪನಿಗಳೂ ಒಂದೇ ವ್ಯಾಖ್ಯೆಯನ್ನು ಬಳಸಬೇಕೆಂದು ಗೊತ್ತುಮಾಡಿತು. ಆ ವ್ಯಾಖ್ಯೆಗಳ ಪ್ರಕಾರ, ಹುಟ್ಟಿದ ಪದರದಲ್ಲಿಯೇ ನಿಂತು ಇನ್ನೂ ಒಳಗೆ ವ್ಯಾಪಿಸದ ಆರಂಭದ ಕ್ಯಾನ್ಸರು ಕ್ಯಾನ್ಸರೆಂದು ಎಣಿಕೆಗೆ ಬರುವುದಿಲ್ಲ. ಪಾರ್ಶ್ವವಾಯುವಿನಿಂದ ಉಂಟಾದ ನ್ಯೂನತೆ ಕನಿಷ್ಠ ಮೂರು ತಿಂಗಳು ಉಳಿದಿರಬೇಕು. ಎದೆ ತೆರೆದು ಮಾಡುವ ಬೈಪಾಸಿಗೆ ಹಣವುಂಟು, ತಂತಿಯ ಮೂಲಕ ಬಲೂನು ಹಾಯಿಸಿ ಮಾಡುವ ಆಂಜಿಯೋಪ್ಲಾಸ್ಟಿ ಬೈಪಾಸಿನ ವ್ಯಾಖ್ಯೆಯಲ್ಲಿ ಸೇರದು. ಪ್ರಜ್ಞಾಶೂನ್ಯತೆಯು 96 ತಾಸುಗಳವರೆಗಾದರೂ ಇರಬೇಕು. ಪಾಲಿಸಿ ತೆಗೆದುಕೊಂಡ ಮೊದಲ 90 ದಿನಗಳಲ್ಲಿ ಕಂಡುಬಂದ ರೋಗಕ್ಕೆ ಸಾಮಾನ್ಯವಾಗಿ ಹಣವಿಲ್ಲ; ರೋಗನಿರ್ಣಯವಾದ ಮೇಲೆ ಕರಾರಿನಲ್ಲಿ ಹೇಳಿದಷ್ಟು ದಿನ, ಬಹಳ ಪಾಲಿಸಿಗಳಲ್ಲಿ 30 ದಿನ, ರೋಗಿಯು ಬದುಕಿರಬೇಕೆಂಬ ನಿಬಂಧನೆಯೂ ಉಂಟು. ಇವನ್ನೆಲ್ಲ ಓದದೆ ಸಹಿ ಮಾಡಿ, ಆಪತ್ತಿನ ದಿನ ಕಂಪನಿಯನ್ನು ಶಪಿಸುವವರನ್ನು ಕಂಡಿದ್ದೇನೆ. ಅವರ ದುಃಖವು ನಿಜವಾದದ್ದು, ಆದರೆ ಆ ದುಃಖದ ಅರ್ಧಭಾಗವನ್ನು ಸಹಿಯ ದಿನವೇ ತಪ್ಪಿಸಬಹುದಾಗಿತ್ತು. ಪತ್ರವು ಕೈಸೇರಿದ ಮೇಲೆ ಓದಿ, ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಹಿಂದಿರುಗಿಸುವ ಹಕ್ಕು ಇದೆಯೆಂಬುದು ಹಳ್ಳಿಗಳಲ್ಲಿ ಬಹಳ ಮಂದಿಗೆ ತಿಳಿಯದು.

ಈ ರೋಗಗಳ ಪಟ್ಟಿಯನ್ನು ಓದುವುದೇ ಅಮಂಗಳವೆಂದು, ಅಸ್ತು ದೇವತೆಗಳು ಹೊತ್ತಲ್ಲದ ಹೊತ್ತಿನಲ್ಲಿ ಕೇಳಿ ಅಸ್ತುವೆಂದಾರೆಂದು ಮಾಸ್ತರರ ಮನೆಯವರು ಅಂಜಿದರು. ಆ ಅಂಜಿಕೆಯ ಬೇರು ಪ್ರೀತಿಯಲ್ಲಿದೆ. ಆದರೆ ಜೈನರ ಹನ್ನೆರಡು ಅನುಪ್ರೇಕ್ಷೆಗಳು ಅನಿತ್ಯ, ಅಶರಣ ಎಂದೇ ಮೊದಲಾಗುತ್ತವೆ. ಅವನ್ನು ನಿತ್ಯ ಚಿಂತಿಸುವವರಿಗೆ ಅದರಿಂದ ಅನಿತ್ಯತೆಯು ಹೆಚ್ಚಾಗಿ ತಗುಲಿದ್ದಿಲ್ಲ. ಹೆಸರಿಟ್ಟು ನೋಡಿದ ಆಪತ್ತು ಹೆಸರಿಲ್ಲದೆ ಕಾಡುವ ಆಪತ್ತಿಗಿಂತ ಕಿರಿದು.

ಇನ್ನು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಆಕ್ಷೇಪವು ಕಲ್ಯಾಣದಿಂದ ಬಂದದ್ದು. ಆಯ್ದಕ್ಕಿ ಮಾರಯ್ಯನು ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವ ಶರಣ. ಒಂದು ದಿನ ನಿತ್ಯದ ಅಗತ್ಯಕ್ಕಿಂತ ಹೆಚ್ಚಿನದನ್ನು ತಂದಾಗ, ಅವನ ಹೆಂಡತಿ ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಗೊಡದೆ, ಇದು ಆಸೆಯೆಂದು ತಿಳಿಸಿ, ಎಲ್ಲಿಂದ ತಂದನೋ ಅಲ್ಲಿಯೇ ಚೆಲ್ಲಿ ಬರಲು ಹಿಂದಕ್ಕೆ ಕಳುಹಿಸಿದಳು. ನಾಳೆಯ ಒಂದು ಹಿಡಿ ಅಕ್ಕಿಯನ್ನೇ ಒಪ್ಪದ ಆ ತಾಯಿ, ಹತ್ತು ಲಕ್ಷ ರೂಪಾಯಿಗಳ ನಾಳೆಯನ್ನು ಕೊಳ್ಳುವ ನಮ್ಮನ್ನು ಕಂಡು ಏನೆಂದಾಳು? ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ನನಗೆ ಮನಸ್ಸಿಲ್ಲ. ಬಹುಕಾಲ ಅದನ್ನು ಹೊತ್ತು ತಿರುಗಿದ ಮೇಲೆ ನನಗೆ ಹೊಳೆದದ್ದು ಇಷ್ಟು. ಲಕ್ಕಮ್ಮ ತಿರಸ್ಕರಿಸಿದ್ದು ಮನೆಯಲ್ಲಿ ಕೂಡಿಬೀಳುವ ಅಕ್ಕಿಯನ್ನು. ವಿಮೆಯ ಕಂತು ಮನೆಯಲ್ಲಿ ಉಳಿಯುವುದಿಲ್ಲ. ಹಗೇವಿನಲ್ಲಿ ತುಂಬಿದ ಜೋಳವಾಗಲಿ, ಸಾಂಗಲಿಯ ಹರಿಪುರದ ಪೇವುಗಳಲ್ಲಿ ಇಟ್ಟ ಅರಿಶಿನವಾಗಲಿ, ಇಟ್ಟವನ ಸ್ವತ್ತಾಗಿಯೇ ಇರುತ್ತದೆ. ಕಂತಾದರೋ ನನ್ನ ಕೈಬಿಟ್ಟು ಸಾವಿರಾರು ಜನರ ಕಂತಿನೊಡನೆ ಬೆರೆತು, ಈ ವರ್ಷ ಯಾರಿಗೆ ಆ ಮಹಾರೋಗವು ಬಂದಿತೋ ಅವರ ಮನೆಗೆ ಹೋಗುತ್ತದೆ. ನಾನು ಆರೋಗ್ಯವಾಗಿದ್ದರೆ ಒಂದು ಕಾಸೂ ತಿರುಗಿ ಬಾರದು. ನೂರಕ್ಕೆ ತೊಂಬತ್ತು ಮಂದಿ ಇದನ್ನೇ ನಷ್ಟವೆಂದು ದೂರುತ್ತಾರೆ. “ಕಟ್ಟಿದ್ದೆಲ್ಲಾ ಹೋತು” ಎನ್ನುತ್ತಾರೆ. ಅವಧಿಯ ಕೊನೆಗೆ ಹಣ ಹಿಂದಿರುಗುವ ಪಾಲಿಸಿಯನ್ನೇ ಹುಡುಕುತ್ತಾರೆ. ಹೋಯಿತು, ನಿಜ. ಎಲ್ಲಿಗೆ ಹೋಯಿತು? ವಿದರ್ಭದ ಯಾವನೋ ನೇಕಾರನ ಡಯಾಲಿಸಿಸ್ಸಿಗೆ, ಮೈಸೂರಿನ ಯಾರೋ ವಿಧವೆಯ ಕೀಮೋಗೆ. ಅವರು ನನ್ನ ಹೆಸರನ್ನರಿಯರು, ನಾನು ಅವರ ಮುಖವನ್ನು ಕಂಡಿಲ್ಲ. ಕೊಟ್ಟವನಿಗೆ ಅಹಂಕಾರವೂ ಪಡೆದವನಿಗೆ ದೈನ್ಯವೂ ಇಲ್ಲದ ಔಷಧದಾನ ಇದಕ್ಕಿಂತ ಬೇರೆ ಯಾವುದಿದ್ದೀತು? ಹಿಂದಿರುಗದ ಕಂತನ್ನು ನಷ್ಟವೆಂದೆಣಿಸದೆ ಸಂದಾಯವೆಂದು ಎಣಿಸಲು ಕಲಿತವನಿಗೆ, ವಿಮೆ ಆಸೆಯ ವ್ಯಾಪಾರವಾಗಿ ಉಳಿಯುವುದಿಲ್ಲ.

ಇದನ್ನು ದಾಸೋಹವೆಂದೇ ಕರೆಯಲು ನನ್ನ ನಾಲಗೆ ಒಪ್ಪದು. ದಾಸೋಹದಲ್ಲಿ ಲಾಭವಿಲ್ಲ, ದಲ್ಲಾಳಿಯಿಲ್ಲ. ಕಂಪನಿಗೆ ಪಾಲುದಾರರಿದ್ದಾರೆ, ಏಜಂಟನಿಗೆ ಕಮಿಶನ್ನಿದೆ, ಹಕ್ಕಿನ ಹಣವನ್ನು ಕೊಡುವಾಗ ಸತಾಯಿಸುವ ಕಚೇರಿಗಳೂ ಇವೆ. ಆದರೆ ಈ ವ್ಯವಸ್ಥೆಯು ಹುಟ್ಟಿದುದು ಲಾಭಕ್ಕಾಗಿಯೇ ಎಂದು ಹೇಳಿದರೆ ಚರಿತ್ರೆಗೆ ಅಪಚಾರವಾದೀತು. ಸ್ಕಾಟ್ಲಂಡಿನ ಪ್ರೆಸ್ಬಿಟೇರಿಯನ್ ಪಾದ್ರಿಗಳು ತಮ್ಮ ವಿಧವೆಯರಿಗೂ ಅನಾಥ ಮಕ್ಕಳಿಗೂ ನಿಧಿಯೊಂದನ್ನು 1744ರಲ್ಲಿ ಏರ್ಪಡಿಸಿದರು. ಎಷ್ಟು ಮಂದಿ ಪಾದ್ರಿಗಳು ವರ್ಷಕ್ಕೆ ಸಾಯಬಹುದು, ಎಷ್ಟು ವಿಧವೆಯರು ಉಳಿಯಬಹುದೆಂದು ಗಣಿತದಿಂದ ಎಣಿಸಿ ಕಟ್ಟಿದ ಮೊದಮೊದಲ ನಿಧಿಗಳಲ್ಲಿ ಅದೊಂದು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1759ರಲ್ಲಿ ಅದೇ ಪಂಥದವರು ಅಂಥದನ್ನೇ ಸ್ಥಾಪಿಸಿದರು. ವಾನ್ಲೆಸ್ಸರನ್ನು ಮಿರಜಿಗೆ ಕಳುಹಿಸಿದ್ದು ಅಮೆರಿಕದ ಅದೇ ಪ್ರೆಸ್ಬಿಟೇರಿಯನ್ ಪಂಥದ ಮಿಶನ್ನು. ಎಲ್ಲವನ್ನೂ ದೇವರು ಪೂರ್ವದಲ್ಲಿಯೇ ನಿಶ್ಚಯಿಸಿದ್ದಾನೆಂದು ಬೋಧಿಸುವ ಪಂಥವೇ ವಿಧವೆಯ ಅನ್ನವನ್ನು ಮಾತ್ರ ಅನಿಶ್ಚಯಕ್ಕೆ ಬಿಡಲೊಲ್ಲೆನೆಂದು ಲೆಕ್ಕದ ಹಲಗೆ ಹಿಡಿದು ಕುಳಿತದ್ದನ್ನು ನೆನೆದಾಗಲೆಲ್ಲ ನನಗೆ ಗೌರವವುಂಟಾಗುತ್ತದೆ.

ಸತ್ಯದ ವಿಷಯವಾಗಿ ಒಂದು ಮಾತನ್ನು ಒತ್ತಿ ಹೇಳಬೇಕು. ವಿಮೆಯ ಕರಾರು ಉಭಯರ ಪರಮ ವಿಶ್ವಾಸದ ಮೇಲೆ ನಿಂತದ್ದೆಂದು ನ್ಯಾಯಶಾಸ್ತ್ರವು ಹೇಳುತ್ತದೆ. ಫಾರ್ಮಿನಲ್ಲಿ ಸಕ್ಕರೆ ಕಾಯಿಲೆ ಇದೆಯೇ, ರಕ್ತದೊತ್ತಡವಿದೆಯೇ, ತಂಬಾಕು ತಿನ್ನುವಿರೇ, ತಂದೆ ತಾಯಿಗಳಿಗೆ ಇಂಥ ರೋಗವಿತ್ತೇ ಎಂಬ ಪ್ರಶ್ನೆಗಳಿರುತ್ತವೆ. “ಇಲ್ಲಂತ ಬರೀರಿ, ಯಾರು ನೋಡ್ತಾರ” ಎಂದು ಹೇಳಿಕೊಡುವವರು ಬಹಳ. 2024ರ ನಿಯಮಗಳ ಪ್ರಕಾರ ಆರೋಗ್ಯವಿಮೆಯಲ್ಲಿ ಮೊದಲೇ ಇದ್ದ ರೋಗಕ್ಕೆ ಕಾಯಬೇಕಾದ ಅವಧಿ ಹೆಚ್ಚೆಂದರೆ 36 ತಿಂಗಳು; ಎಡೆಬಿಡದೆ 60 ತಿಂಗಳು ನಡೆದ ಪಾಲಿಸಿಯನ್ನು, ವಂಚನೆಯು ಸಿದ್ಧವಾದ ಹೊರತು, ಮರೆಮಾಚಿದ ಕಾರಣಕ್ಕೆ ನಿರಾಕರಿಸುವಂತಿಲ್ಲ. ಆದರೆ ನಾನು ಹೇಳುವ ಕಾರಣವು ಕಾಯಿದೆಯದಲ್ಲ. ಕಂತುಗಳು ಕೂಡಿದ ಆ ಗಂಟು ಎಲ್ಲರದು. ಸುಳ್ಳು ಬರೆದು ಒಳಗೆ ಬಂದವನು ಮೋಸ ಮಾಡುವುದು ಕಂಪನಿಗೆ ಮಾತ್ರವೆಂದು ತಿಳಿಯಬಾರದು; ನಿಜ ಬರೆದು ಹೆಚ್ಚಿನ ಕಂತು ಕಟ್ಟಿದ ಅಪರಿಚಿತನ ಪಾಲನ್ನು ಅವನು ತಿನ್ನುತ್ತಾನೆ. ಕಾಯಕದಲ್ಲಿ ಸತ್ಯಶುದ್ಧತೆಯನ್ನು ಬಯಸಿದ ಶರಣರ ನಾಡಿನವರಿಗೆ ಇದು ಹೊಸದಾಗಿ ಕಲಿಯಬೇಕಾದ ಪಾಠವಲ್ಲ.

ಮಾಸ್ತರರು ತಮಗೆ ಸಕ್ಕರಿ ಬ್ಯಾನಿಯಿರುವುದನ್ನು ಬರೆದರು. ಕಂತು ಹೆಚ್ಚಾಯಿತು, ಒಪ್ಪಿದರು. ಮೊತ್ತವನ್ನು ಮಗನು ಹೇಳಿದುದರ ಅರ್ಧಕ್ಕೆ ಇಳಿಸಿದರು, ಎರಡೂವರೆ ವರ್ಷಗಳ ಮನೆಖರ್ಚಿಗೆ ಅದು ಸಾಕೆಂದು. ವಾಡಿಗೆ ಹೋಗಿ ಪಾದುಕೆಗಳ ಮುಂದೆ ಪಾಲಿಸಿಯನ್ನಿಟ್ಟು ನಮಸ್ಕರಿಸಿ ಬಂದರೆಂದು ಕೇಳಿ ನನಗೆ ಸಂತೋಷವಾಯಿತು.

ಆದರೆ ಅವರು ಆ ಬಳಿಕ ಕೇಳಿದ ಎರಡನೆಯ ಪ್ರಶ್ನೆಗೆ ಉತ್ತರವು ಯಾವ ಕಂಪನಿಯ ಕಾಗದದಲ್ಲಿಯೂ ಇಲ್ಲ. ಅವರ ಅಣ್ಣನಿಗೆ ಅರವತ್ತೇಳು, ಒಕ್ಕಲುತನದವರು, ಒಮ್ಮೆ ಲಕ್ವ ಹೊಡೆದು ಎಡಗೈ ಸ್ವಾಧೀನ ತಪ್ಪಿದೆ. ಅವರಿಗೆ ಇಂಥ ಪಾಲಿಸಿಯನ್ನು ಯಾರೂ ಕೊಡುವುದಿಲ್ಲ. ವಿಮೆಯ ಬಾಗಿಲು ಆರೋಗ್ಯವಂತನಿಗೆ ಅಗಲವಾಗಿ ತೆರೆದು, ವಯಸ್ಸಾದಂತೆ ಕಿರಿದಾಗಿ, ರೋಗಿಯ ಮುಂದೆ ಮುಚ್ಚಿಕೊಳ್ಳುತ್ತದೆ. ಗಣಿತದ ನ್ಯಾಯ ಅದು, ಅದನ್ನು ದೂಷಿಸಿ ಫಲವಿಲ್ಲ. ಸರಕಾರದ ಯೋಜನೆಗಳು ಅಲ್ಲಿಂದ ಮುಂದೆ ಬರುತ್ತವೆ. ಮಹಾರಾಷ್ಟ್ರದಲ್ಲಿ ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆಯುಂಟು. ಎಪ್ಪತ್ತು ತುಂಬಿದ ಎಲ್ಲರಿಗೂ 2024ರ ಅಕ್ಟೋಬರಿನಿಂದ ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯುಂಟು. ಗಡಿಯಾಚೆಯ ನಮ್ಮವರ ಸ್ಥಿತಿ ಇನ್ನೂ ತೊಡಕಿನದು: ಕರ್ನಾಟಕದೊಳಗಿನ 865 ಹಳ್ಳಿಗಳಿಗೆ ಮಹಾರಾಷ್ಟ್ರವು 2023ರಲ್ಲಿ ತನ್ನ ಆರೋಗ್ಯ ಯೋಜನೆಯನ್ನು ಚಾಚಹೊರಟಾಗ ಕರ್ನಾಟಕವು ವಿರೋಧಿಸಿತು, ರೋಗಿಯ ಚೀಟಿಯೂ ಗಡಿಯ ವಿವಾದದ ಒಂದು ಕಾಗದವಾಯಿತು. ಇವೆಲ್ಲವೂ ಆಸ್ಪತ್ರೆಯ ಬಿಲ್ಲನ್ನು ಕುರಿತದ್ದು. ದುಡಿಯುವ ಕೈ ನಿಂತ ಮನೆಯ ಒಲೆಯನ್ನು ಕುರಿತದ್ದಲ್ಲ.

ತನ್ನ ಮನೆಗೆ ಪಾಲಿಸಿ ಕೊಂಡವನಿಗೆ ಔಷಧದಾನದ ಕರ್ತವ್ಯವು ಅಷ್ಟಕ್ಕೇ ತೀರಲಿಲ್ಲವೆಂದು ನಾನು ಮಾಸ್ತರರಿಗೆ ಹೇಳಬೇಕಾಯಿತು. ಯಾವ ಎಣಿಕೆಗೂ ಸಲ್ಲದ ಕುಷ್ಠರೋಗಿಗಳನ್ನು ಇದೇ ಊರಿನ ಮಿಶನ್ನಿನವರು ಒಳಕ್ಕೆ ಕರೆದುಕೊಂಡದ್ದು ಯಾವ ಕಂತಿನ ಬಲದಿಂದಲೂ ಅಲ್ಲ. ಗಣಿತವು ಕೈಬಿಟ್ಟವರನ್ನು ಮುಖ ನೋಡಿ ಹೊರಬೇಕು. ಅಲ್ಲಿ ಲಕ್ಕಮ್ಮನ ದಾಸೋಹಕ್ಕೆ ಬದಲಿಯಿಲ್ಲ. ಮಗನು ಹೇಳಿದ ಪೂರ್ತಿ ಮೊತ್ತಕ್ಕೆ ತಗಲುತ್ತಿದ್ದ ಕಂತಿನಲ್ಲಿ ಉಳಿದ ಅರ್ಧವನ್ನು ಅವರು ಈಗ ಪ್ರತಿವರ್ಷವೂ ಅಣ್ಣನ ಹೆಸರಿನಲ್ಲಿ ಪತ್‌ಸಂಸ್ಥೆಯೊಂದರ ಖಾತೆಗೆ ಕಟ್ಟುತ್ತಾರೆ. ಅಣ್ಣನ ಮಕ್ಕಳೂ ಸುಗ್ಗಿಯಲ್ಲಿ ತಮ್ಮ ಪಾಲನ್ನು ಅದಕ್ಕೆ ಸೇರಿಸತೊಡಗಿದ್ದಾರೆ.